ಕಲ್ಲು ಸರಿಸಿದ ಕೈ ಯಾರದು?

ಪವನ್ ಕುಮಾರ್ ನಿರ್ದೇಶನದ ‘ಯೂ ಟರ್ನ್’ (2016) ಸಣ್ಣ ಬಂಡವಾಳದ ರೋಚಕ ಚಿತ್ರ. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆಯಲ್ಲಿ ವಿಭಜಕದ ಕಲ್ಲು ಸರಿಸಿ ವಾಹನ ತಿರುಗಿಸುವವರ ಮೇಲೆ, ಅಂಥದೇ ಕಲ್ಲಿನಿಂದ ಪ್ರಾಣ ಕಳೆದುಕೊಂಡ ತಾಯಿಯ ಪ್ರೇತ ಸೇಡು ತೀರಿಸಿಕೊಳ್ಳುತ್ತದೆ. ನೋಡುಗನಿಗೆ ಒಳಗೊಳಗೇ ಸಮಾಧಾನ. ಆದರೆ ಬಲಿಯಾದವರು ಕೊಲೆಗಡುಕರಲ್ಲ. ನಾಲ್ಕು ನಿಮಿಷ ಉಳಿಸಹೊರಟ ನಮ್ಮಂಥವರೇ.

ಇದು ರಾಜಧಾನಿಗೆ ಮಾತ್ರ ಸೀಮಿತವಾದ ಚಾಳಿಯಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಇದಕ್ಕೆ ಮೇಲ್ಸೇತುವೆಯೇ ಬೇಕಿಲ್ಲ. ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ, ಮೂವರನ್ನು ಹೊತ್ತು ಎದುರು ದಿಕ್ಕಿನಲ್ಲಿ ನುಗ್ಗುವ ಬೈಕು ಸಾಕು.

ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಹಿಂದೆ ಗರಿಷ್ಠ 2 ವರ್ಷ ಸೆರೆವಾಸವಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು 5 ವರ್ಷಕ್ಕೆ ಏರಿಸಿತು. ಏರಿದ್ದು ಸರಿಯೇ, ಆದರೆ ಆ ಶಿಕ್ಷೆ ಹೆಣ ಬಿದ್ದ ಮೇಲಿನದು. ಜೀವ ಉಳಿಸುವುದು, ಕಲ್ಲು ಸರಿಸಿದ ದಿನವೇ ತಪ್ಪದೆ ಬೀಳುವ ಸಣ್ಣ ದಂಡ. ಅದನ್ನು ವಿಧಿಸಹೊರಟ ಪೊಲೀಸರಿಗೆ ಪ್ರಭಾವಿಗಳಿಂದ ಫೋನು ಮಾಡಿಸುವವರೂ ನಾವೇ.

ತೆರೆಯ ಮೇಲಿನ ಪ್ರೇತಕ್ಕೆ ಚಪ್ಪಾಳೆ ತಟ್ಟುವುದು ಸುಲಭ. ರಸ್ತೆಯಲ್ಲಿ ದಂಡ ಕಟ್ಟಿ, ರಸೀದಿ ಪಡೆದು, ನಾಳೆಯಿಂದ ತಿದ್ದಿಕೊಳ್ಳುವುದು ಕಷ್ಟ. ನ್ಯಾಯ ಆರಂಭವಾಗಬೇಕಾದ್ದು ಅಲ್ಲಿಂದಲೇ.