ಹಿರಡಾ ಅವರದು, ದಾಖಲೆಯೂ ಅವರದೇ

ಪುಣೆ ಜಿಲ್ಲೆಯ ಆಂಬೇಗಾಂವ್, ಜುನ್ನರ್ ತಾಲೂಕುಗಳ ಘಟ್ಟದಂಚಿನಲ್ಲಿ ಮಹಾದೇವ ಕೋಳಿ ಬುಡಕಟ್ಟಿನ ಕುಟುಂಬಗಳು ಬೇಸಿಗೆಯಲ್ಲಿ ಹಿರಡಾ ಕೀಳುತ್ತವೆ. ನಮ್ಮ ಅಳಲೆಕಾಯಿಯೇ ಅದು. ಎಳೆಗಾಯಿಗೆ ಕೈಹಾಕುವ ಹದ, ಒಣಗಿಸುವ ಹದ ಎರಡೂ ಅವರಿಗೆ ಗೊತ್ತು. ಅದೇ ಕಾಯಿ ತ್ರಿಫಲಾ ಚೂರ್ಣವಾಗಿ ಪೇಟೆಗೆ ಬಂದಾಗ ಅವರಿಗೆ ಸಲ್ಲಬೇಕಾದ ಪಾಲನ್ನು ಸಂಸತ್ತು ಕಾನೂನು ಮಾಡಿಯೇ ತಪ್ಪಿಸಿದೆ. ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಶಾಸ್ತ್ರಗ್ರಂಥಗಳಲ್ಲಿ ಬರೆದಿಟ್ಟ ಜ್ಞಾನವನ್ನು ಬಳಸುವ ದೇಶೀ ಕಂಪನಿ ಯಾರಿಗೂ ಲಾಭ ಹಂಚಬೇಕಿಲ್ಲ. ಸಂಸ್ಕೃತದಲ್ಲಿ ಬರೆದದ್ದಕ್ಕೆ ಬೆಲೆ, ಕಾಡಿನಲ್ಲಿ ಬಾಯಿಂದ ಬಾಯಿಗೆ ಬಂದದ್ದಕ್ಕೆ ಸೊನ್ನೆ. ಇದು ಅನ್ಯಾಯ.

ಹಾಗಾದರೆ ಬುಡಕಟ್ಟಿನವರೂ ಬರೆದಿಡಲಿ ಎನ್ನಬಹುದು. ಊರಿನ ಜೀವಸಂಪತ್ತು, ಅದರ ಬಗೆಗಿನ ಜ್ಞಾನ ಎರಡನ್ನೂ ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯನ್ನು 1990ರ ದಶಕದಲ್ಲಿ ಮಾಧವ ಗಾಡ್ಗೀಳ್ ಮುಂದಿಟ್ಟದ್ದು ಅದಕ್ಕಾಗಿಯೇ. ಪುಣೆಯಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಆ ವಿಜ್ಞಾನಿಯ ಪ್ರಕಾರ ದಾಖಲೆ ಬರೆಯಬೇಕಾದವರು ಊರಿನವರು. 2002ರ ಜೀವವೈವಿಧ್ಯ ಕಾಯ್ದೆ ಅದಕ್ಕೆ ಊರೂರಿನ ಸಮಿತಿಗಳನ್ನೂ ಕೊಟ್ಟಿತು. ಹದಿನೇಳು ವರ್ಷ ರಾಜ್ಯಗಳು ಮಲಗಿದವು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಚಾಟಿ ಬೀಸಿತು: 2020ರ ಜನವರಿ 31ರೊಳಗೆ ದಾಖಲಾತಿ ಮುಗಿಸಿ, ಇಲ್ಲವಾದರೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ. ಆಮೇಲೆ ನಡೆದದ್ದು ದಂಡ ತಪ್ಪಿಸಿಕೊಳ್ಳುವ ಓಟ. ದೇಶದಲ್ಲಿ ದಾಖಲೆಗಳ ಸಂಖ್ಯೆ ಎರಡೂವರೆ ಲಕ್ಷ ದಾಟಿತು; ಹಲವೆಡೆ ಅವನ್ನು ತುಂಬಿದ್ದು ಹೊರಗಿನ ಸಲಹಾ ಸಂಸ್ಥೆಗಳು. ಮದ್ದಿನ ಗಿಡ ಬಲ್ಲ ಮುದುಕಿಯನ್ನು ಕೇಳಲು ಪುರಸೊತ್ತು ಯಾರಿಗಿತ್ತು?

ಕಾನೂನಿನ ಕೊರತೆಯೆಂದು ಯಾರೂ ನೆಪ ಹೇಳುವಂತಿಲ್ಲ. ಅರಣ್ಯ ಹಕ್ಕು ಕಾಯ್ದೆ, 2006ರ 3(1)(ಕೆ) ಕಲಮು ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೆ ಸಮುದಾಯದ ಬೌದ್ಧಿಕ ಹಕ್ಕನ್ನು ಸ್ಪಷ್ಟವಾಗಿ ಒಪ್ಪಿದೆ. ಇದ್ದೂ ಇಲ್ಲದ ಕಲಮು ಅದು. ಇತ್ತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ಕಾಣುವುದು ಒಬ್ಬೊಬ್ಬ ವ್ಯಕ್ತಿ ಮಾತ್ರ, ಬುಡಕಟ್ಟು ಕಾಣುವುದಿಲ್ಲ. ಸಂಶೋಧನೆಗೆಂದು ಅದರಲ್ಲಿ ವಿನಾಯಿತಿಯೂ ಇದೆ.

ವಿನಾಯಿತಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಅಮೆರಿಕದ ಹವಾಸುಪೈ ಜನರ ಕತೆಯಿದೆ. ಮಧುಮೇಹದ ಅಧ್ಯಯನಕ್ಕೆಂದು ಕೊಟ್ಟ ರಕ್ತವನ್ನು ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಮನೋರೋಗ, ವಲಸೆಯ ಸಂಶೋಧನೆಗೂ ಬಳಸಿದರು. 2010ರಲ್ಲಿ 7 ಲಕ್ಷ ಡಾಲರ್ ಪರಿಹಾರ ತೆತ್ತು, ಉಳಿದ ರಕ್ತವನ್ನೂ ಹಿಂತಿರುಗಿಸಬೇಕಾಯಿತು. ಆ ಜನಕ್ಕೆ ವಕೀಲರಿದ್ದರು. ರಾಯಗಡ, ಪುಣೆಯ ಕಾತಕರಿ ಆದಿವಾಸಿಗಳಿಗೆ ಯಾರಿದ್ದಾರೆ?

1962ರಿಂದ ಪುಣೆಯಲ್ಲಿ ಮಹಾರಾಷ್ಟ್ರದ ಆದಿವಾಸಿ ಸಂಶೋಧನ ಮತ್ತು ತರಬೇತಿ ಸಂಸ್ಥೆ ಇದೆ, ವಸ್ತುಸಂಗ್ರಹಾಲಯವೂ ಇದೆ. ಆದಿವಾಸಿಗಳ ಬಗ್ಗೆ ಬರೆದದ್ದು ಸಾಕಷ್ಟಾಯಿತು. ಮೊದಲ ಹೆಜ್ಜೆ ಅಲ್ಲಿಂದಲೇ ಆಗಲಿ: ಸಂಗ್ರಹದಲ್ಲಿರುವ ಸಮೀಕ್ಷೆ, ಧ್ವನಿಮುದ್ರಿಕೆ, ಛಾಯಾಚಿತ್ರಗಳ ಪ್ರತಿ ಆಯಾ ಗ್ರಾಮಸಭೆಗೆ ಮರಾಠಿಯಲ್ಲೂ ಅವರವರ ನುಡಿಯಲ್ಲೂ ಸಿಗಬೇಕು. ಹೊಸ ಸಂಶೋಧನೆಗೆ ಗ್ರಾಮಸಭೆಯ ಲಿಖಿತ ಒಪ್ಪಿಗೆ ಕಡ್ಡಾಯವಾಗಬೇಕು, ಒಪ್ಪಿಗೆ ಹಿಂತೆಗೆಯುವ ಹಕ್ಕೂ ಇರಬೇಕು. ಅವಸರದಲ್ಲಿ ತುಂಬಿದ ದಾಖಲೆಗಳನ್ನು ಊರಿನವರು ಓದಿ, ತಿದ್ದಿ, ಬೇಡವಾದದ್ದನ್ನು ಹೊಡೆದುಹಾಕುವವರೆಗೆ ಯಾವ ಕಂಪನಿಗೂ, ಯಾವ ವಿಶ್ವವಿದ್ಯಾಲಯಕ್ಕೂ ಅವುಗಳ ಒಂದು ಪುಟವನ್ನೂ ತೋರಿಸಕೂಡದು.