ಅಂಚೆಪೆಟ್ಟಿಗೆಯೊಳಗೊಂದು ದಿನಚರಿ

ಇ-ಮೇಲ್ ತಂತ್ರಾಂಶದೊಳಗೆ ದಿನಚರಿ ಬರೆಯಲು ಒಂದು ಸಣ್ಣ ಜಾಗವಿರಬೇಕೆಂಬುದು ನನ್ನ ವಾದ. ಇದೂ ಒಂದು ವಿಷಯವೇ ಎಂದು ಗುರುಗಳು ನಗಬಹುದು. ಮನೆಯಲ್ಲಿ ಕಂಪ್ಯೂಟರನ್ನು ಕಂಡೇ ಬೆಳೆದವರಿಗೆ ಇದು ಅಲ್ಪವಾಗಿ ತೋರುವುದು ಸಹಜ. ಗುಂಡ್ಲುಪೇಟೆಯ ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ಚಾಮರಾಜನಗರಕ್ಕೆ ಬರುವ ನಮ್ಮಂಥವರ ಸಂಗತಿ ಬೇರೆ. ನಮ್ಮ ಮನೆಗೆಲ್ಲ ಇರುವುದು ಒಂದೇ ಇ-ಮೇಲ್ ವಿಳಾಸ, ಅದು ನನ್ನದು. ತಂಗಿಯ ವಿದ್ಯಾರ್ಥಿವೇತನ, ನನ್ನ ಪರೀಕ್ಷಾಶುಲ್ಕದ ರಶೀದಿ, ಅಪ್ಪನ ಬೆಳೆವಿಮೆಯ ಕಾಗದ, ಎಲ್ಲವೂ ಬಂದು ಬೀಳುವುದು ಅಲ್ಲಿಗೇ.

ಕಾಗದವೇನೋ ಬರುತ್ತದೆ; ಅದರ ಹಿಂದೆ ನಡೆದದ್ದು ಬರುವುದಿಲ್ಲ. ಯಾವ ದಿನ ಕಛೇರಿಗೆ ಹೋದೆವು, ಗುಮಾಸ್ತರು ಏನು ಕೇಳಿದರು, ನಾವು ಏನು ಕೊಟ್ಟೆವು, ಇವನ್ನು ಬರೆದಿಡುವವರಾರು? ಕಳೆದ ವರ್ಷ ಒಂದು ಕಛೇರಿಯಲ್ಲಿ ತಂಗಿಯ ಅರ್ಜಿಯನ್ನು ತಳ್ಳಿಹಾಕಿ, ಆದಾಯ ಪ್ರಮಾಣಪತ್ರವನ್ನು ನೀವು ಕೊಡಲೇ ಇಲ್ಲವೆಂದರು. ಕೊಟ್ಟ ದಿನ ಅಪ್ಪನಿಗೆ ಚೆನ್ನಾಗಿ ನೆನಪಿತ್ತು, ಏಕೆಂದರೆ ಅಂದು ಸಂತೆ. ಆದರೆ ಸಂತೆಗಳು ವರ್ಷಕ್ಕೆ ಐವತ್ತೆರಡು. ತಾರೀಖು ಹೇಳಿದವನಿಗೆ ರಿಜಿಸ್ಟರು ತಿರುವಿ ನೋಡುವರು. ಸಂತೆ ಎಂದವನಿಗೆ ಬಾಗಿಲು ತೋರಿಸುವರು. ಆ ವರ್ಷದ ಹಣ ಹೋಯಿತು.

ಹಿಂದೆ ನಮ್ಮ ಸೀಮೆಯ ಶಾನುಭೋಗರು ಕಡತ ಇಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವದು. ಇಂದು ಕಡತವೆಂದರೆ ಸರ್ಕಾರಿ ಫೈಲು. ನಮ್ಮ ಕೈಗೆ ಮಾತ್ರ ಯಾವ ಕಡತವೂ ಬರಲಿಲ್ಲ!

ತಂತ್ರದ ದೃಷ್ಟಿಯಿಂದ ನನ್ನ ಬೇಡಿಕೆ ಅಸಾಧ್ಯವೇನಲ್ಲ. 1998ರಲ್ಲಿ ಪ್ರಕಟವಾದ ಐಕ್ಯಾಲೆಂಡರ್ ಮಾನಕದಲ್ಲಿ ಸಭೆ ಸಮಾರಂಭಗಳಿಗೊಂದು, ಮಾಡಬೇಕಾದ ಕೆಲಸಗಳಿಗೊಂದು, ದಿನಚರಿಗೊಂದು ಎಂದು ಬೇರೆ ಬೇರೆ ಮನೆಗಳನ್ನೇ ಕಟ್ಟಿದ್ದರು. 2004ರಲ್ಲಿ ಮೊದಲ ಆವೃತ್ತಿ ಕಂಡ ತಂಡರ್‌ಬರ್ಡ್ ಎಂಬ ಉಚಿತ ಅಂಚೆ ತಂತ್ರಾಂಶದಲ್ಲಿ ಮೊದಲೆರಡಕ್ಕೆ ಸ್ಥಾನ ದೊರೆಯಿತು, ದಿನಚರಿಗೆ ದೊರೆಯಲಿಲ್ಲ. ಐಫೋನಿನಲ್ಲಿಯಂತೂ ಟಿಪ್ಪಣಿಗಳನ್ನು ಜಿಮೇಲ್ ಖಾತೆಯ ಒಂದು ಖಾನೆಯೊಳಗೇ ಪತ್ರಗಳಂತೆ ಇರಿಸುವ ಏರ್ಪಾಡುಂಟು. ಪತ್ರಕ್ಕೆ ತಾರೀಖು, ವಿಷಯ, ಒಕ್ಕಣೆ ಇರುತ್ತವೆ. ದಿನಚರಿಗೆ ಬೇಕಾದುದೂ ಇಷ್ಟೇ ಅಲ್ಲವೆ?

ಗೂಗಲ್ ಕೀಪ್ ಇದೆಯಲ್ಲ ಎನ್ನುವ ಮಿತ್ರರುಂಟು. 2013ರಲ್ಲಿ ಬಂದ ಅದು 2018ರಿಂದ ಕಂಪ್ಯೂಟರಿನಲ್ಲಿ ಜಿಮೇಲಿನ ಮಗ್ಗುಲಲ್ಲೇ ತೆರೆಯುತ್ತದೆ, ನಿಜ. ಆದರೆ ಅದು ಚೀಟಿ ಅಂಟಿಸುವ ಗೋಡೆ. ದಿನದ ಹಿಂದೆ ದಿನವಾಗಿ ಪುಟ ತಿರುವಿ ಓದುವ ಪುಸ್ತಕವಲ್ಲ. ಇನ್ನು ಕೆಲವರು, ಗುಪ್ತಪದ ಕಳುವಾದರೆ ಪತ್ರವೂ ದಿನಚರಿಯೂ ಒಟ್ಟಿಗೆ ಪರರ ಪಾಲಾಗುವುವು ಎನ್ನುತ್ತಾರೆ. ಈ ಆಕ್ಷೇಪಣೆಗೆ ನಾನು ತಲೆಬಾಗುತ್ತೇನೆ. ದಿನಚರಿಗೆ ಬೇರೆಯೇ ಬೀಗವಿರಲಿ.

ಬಣ್ಣದ ಹಾಳೆ, ನಗುಮುಖದ ಚಿತ್ರ ಒಂದೂ ಬೇಡ. ಪತ್ರದ ಪಕ್ಕದಲ್ಲಿ ಗುಂಡಿಯೊಂದನ್ನು ಒತ್ತಿದರೆ ಅಂದಿನ ತಾರೀಖಿನ ಹಾಳೆ ತೆರೆಯಲಿ, ಆ ಪತ್ರಕ್ಕೂ ಹಾಳೆಗೂ ಕೊಂಡಿ ಬೀಳಲಿ. ಬಂಡೀಪುರದ ಅಂಚಿನ ಊರುಗಳಲ್ಲಿ ಸಿಗ್ನಲ್ ಇಲ್ಲದಾಗಲೂ ಬರೆಯುವಂತಿರಲಿ. ಬರಹವು ಯೂನಿಕೋಡಿನಲ್ಲಿರಲಿ, ಹಳೆಯ ಅಕ್ಷರಶೈಲಿಗಳಲ್ಲಿ ಅಚ್ಚುಮಾಡಿದ ಕನ್ನಡ ಬೇರೆ ಯಂತ್ರದಲ್ಲಿ ವಿಚಿತ್ರ ಗುರುತುಗಳಾಗಿ ಕಾಣುವುದನ್ನು ನಾವೆಲ್ಲ ನೋಡಿದ್ದೇವಷ್ಟೆ. ತಂಡರ್‌ಬರ್ಡಿನ ಮೂಲಸಂಕೇತವು ಎಲ್ಲರಿಗೂ ತೆರೆದಿದೆ, ಹೊರಗಿನವರು ಬರೆದ ಜೋಡಣೆಗಳನ್ನೂ ಅದು ಸ್ವೀಕರಿಸುತ್ತದೆ. ಕಂಪ್ಯೂಟರ್ ಓದುತ್ತಿರುವ ಮಿತ್ರರು ಬರುವ ರಜೆಯಲ್ಲಿ ಇದಕ್ಕೆ ಕೈಹಾಕುವುದಾದರೆ, ಗುಂಡಿಗಳ ಮೇಲಿನ ಕನ್ನಡವನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.