ಕೆಟ್ಟ ಬಸ್ಸು ಹತ್ತಬಹುದೆ?

ಮಾಮೂಲ್‌ಪೇಟೆಯಲ್ಲಿ ದಿನವಿಡೀ ಮೂಟೆ ಹೊತ್ತವನು ಸಂಜೆ ಮಾರುಕಟ್ಟೆಯ ನಿಲ್ದಾಣಕ್ಕೆ ಬಂದಾಗ ಬ್ರೇಕು ಹಿಡಿಯುತ್ತದೆಯೆ, ಬಾಗಿಲು ನೆಟ್ಟಗಿದೆಯೆ ಎಂದು ಪರೀಕ್ಷಿಸುತ್ತ ನಿಲ್ಲುವುದಿಲ್ಲ. ಬಂದ ಬಸ್ಸು ಹತ್ತುತ್ತಾನೆ. ಮನೆ ಸೇರಲು ಅವನಿಗೆ ಬೇರೆ ದಾರಿಯಿಲ್ಲ. ಆದ್ದರಿಂದ ‘ಕೆಟ್ಟ ಬಸ್ಸು ಹತ್ತಬೇಡಿ’ ಎಂದು ಜನರಿಗೇ ಬುದ್ಧಿ ಹೇಳುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಅದನ್ನು ಡಿಪೋದಿಂದ ಹೊರಗೆ ಬಿಟ್ಟವರಾರು ಎಂಬುದೇ ನಮ್ಮ ಪ್ರಶ್ನೆ.

2022ರ ಜನವರಿ 21ರಂದು ಚಾಮರಾಜಪೇಟೆಯ ಮಕ್ಕಳ ಕೂಟದ ಬಳಿ ನಗರ ಸಾರಿಗೆಯ ಬಸ್ಸೊಂದು ಹಾಡಹಗಲೇ ಹೊತ್ತಿ ಉರಿಯಿತು. ಫೆಬ್ರವರಿ 1ರಂದು ಸೌತ್ ಎಂಡ್ ವೃತ್ತದ ಬಳಿ ಇನ್ನೊಂದು. ಎರಡೂ ಮಿಡಿ ಬಸ್ಸುಗಳು. ಜನ ಸಕಾಲದಲ್ಲಿ ಇಳಿದದ್ದರಿಂದ ಯಾರ ಪ್ರಾಣವೂ ಹೋಗಲಿಲ್ಲ. ಆ ಮಾದರಿಯ ಬಸ್ಸುಗಳನ್ನು ತಪಾಸಣೆಗೆ ಹಿಂದಕ್ಕೆ ಪಡೆದದ್ದು ಆಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು!

ಹಳೆಯ ಗಾಡಿ, ಏನು ಮಾಡುವುದು ಎಂಬ ಸಮಾಧಾನ ಇಲ್ಲಿ ಸಲ್ಲದು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನಡೆಯದು, ನಿಜ. ಆದರೆ ಈ ಬಸ್ಸುಗಳು ಆ ವಯಸ್ಸಿನ ಹತ್ತಿರಕ್ಕೂ ಬಂದಿರಲಿಲ್ಲ. ವಯಸ್ಸಿಗಿಂತ ಆರೈಕೆ ಮುಖ್ಯ. ಆರೈಕೆಗೆ ಬಿಡಿಭಾಗ ಬೇಕು, ವರ್ಕ್‌ಷಾಪಿನಲ್ಲಿ ಕೈಗಳು ಬೇಕು.

ಕಾನೂನೇನೂ ಮೂಕವಾಗಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮಿನ ಪ್ರಕಾರ, ದೋಷ ಗೊತ್ತಿದ್ದೂ ಅಪಾಯಕರ ವಾಹನವನ್ನು ಓಡಿಸಿದವನಷ್ಟೇ ಅಲ್ಲ, ಓಡಿಸಗೊಟ್ಟವನೂ ಅಪರಾಧಿ. ಸಾಮಾನ್ಯ ಎಚ್ಚರದಿಂದ ಕಾಣಬಹುದಾಗಿದ್ದ ದೋಷಕ್ಕೂ ಇದೇ ಮಾತು. ಹಾಗಿರುವಾಗ, ಬ್ರೇಕು ಸಡಿಲವೆಂದು ಚಾಲಕ ಬರೆದುಕೊಟ್ಟರೆ ‘ಇವತ್ತೊಂದು ಟ್ರಿಪ್ಪು ಹೋಗಿ ಬಾರಪ್ಪ, ನಾಳೆ ನೋಡೋಣ’ ಎನ್ನುವ ಮೇಲಿನವರು ಆ ಅಪ್ಪಣೆಯನ್ನು ಬರೆದು ಸಹಿ ಮಾಡಿಕೊಡಲಿ. ಬಾಯಿಮಾತಿಗೆ ಅಂಜದವರೂ ಸಹಿ ಎಂದೊಡನೆ ಲೇಖನಿ ಕೆಳಗಿಡುತ್ತಾರೆ. ಬಸ್ಸು ತೆಗೆಯೆನೆಂದ ಚಾಲಕನ ಆ ದಿನದ ಕೂಲಿ ಕಡಿಯಕೂಡದು. ಕಡಿದರೆ ದೂರು ಬರೆಯುವ ಧೈರ್ಯ ಯಾರಿಗೂ ಉಳಿಯದು.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರು ಹಣವಿಲ್ಲದೆ ಪ್ರಯಾಣ ಮಾಡುವಂತಾಯಿತು. ನಮಗೆ ಸಂತೋಷವೇ. ಆದರೆ ತುಂಬಿದ ಬಸ್ಸಿಗೆ ಗಟ್ಟಿ ಬ್ರೇಕು ಬೇಕಲ್ಲವೆ? ಬೆಂಕಿಯ ಸುದ್ದಿ ಹಿಡಿದು ಸಾರಿಗೆಯನ್ನು ಖಾಸಗಿಯವರಿಗೆ ಒಪ್ಪಿಸಿರೆನ್ನುವವರ ಉಪದೇಶವಂತೂ ನಮಗೆ ಬೇಡ. ನಮ್ಮ ಬಸ್ಸು ನಮ್ಮದಾಗಿಯೇ ಇದ್ದು, ರಿಪೇರಿಯಾಗಬೇಕು.

ಕೊನೆಯ ತಪಾಸಣೆಯ ತಾರೀಖನ್ನು ಪ್ರತಿ ಬಸ್ಸಿನ ಬಾಗಿಲ ಪಕ್ಕದಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಸಿ ಎಂದು ಸರ್ಕಾರವನ್ನು ಕೇಳುತ್ತೇವೆ. ಅಲ್ಲಿಯವರೆಗೆ, ಹೊಗೆ ವಾಸನೆ ಬಂದರೆ ಸಂಕೋಚಪಡದೆ ಕೂಗಿ ಬಸ್ಸು ನಿಲ್ಲಿಸಿ, ಇಳಿಯಿರಿ. ಟಿಕೇಟಿನ ಹಣ ಆಮೇಲೆ ಕೇಳಬಹುದು.